ಒಂದೇ ಜೋಳ, ಎರಡು ಗಡಿಗೆ

ಮಾರ್ಗಶಿರ ಮಾಸದ ಅಮಾವಾಸ್ಯೆಗೆ ಎರಡು ದಿನ ಉಳಿದಿರುವಾಗ ಉದಗೀರ, ನಿಲಂಗಾ, ಉಮರ್ಗಾ ಸೀಮೆಯ ಒಕ್ಕಲು ಮನೆಗಳಲ್ಲಿ, ಅಡುಗೆಕೋಣೆಯ ಮೂಲೆಯೊಳಗೆ ಒಂದು ಮಣ್ಣಿನ ಗಡಿಗೆ ತನ್ನ ಕೆಲಸವನ್ನು ಆರಂಭಿಸುತ್ತದೆ. ಜೋಳದ ಹಿಟ್ಟು, ನೀರು, ಹುಳಿ ಮಜ್ಜಿಗೆ. ಇಷ್ಟೇ ಅದರ ಬಂಡವಾಳ. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿರುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೊಟ್ಟು ಆಲಿಸಿದರೆ ಒಳಗಿನಿಂದ ಸಣ್ಣ ಗುಳುಗುಳು ಸದ್ದು ಕೇಳಿಬರುತ್ತದೆ. ಮಕ್ಕಳಿಗೆ ಅದು ಬೆರಗು. ಅಜ್ಜಿಗೆ ಅದು ಗಡಿಯಾರ. ಸದ್ದು ಯಾವ ಹೊತ್ತಿಗೆ ಏರಿತು, ಯಾವ ಹೊತ್ತಿಗೆ ಇಳಿಯಿತು ಎಂಬುದರ ಮೇಲೆಯೇ ಅಂಬಲಿಯನ್ನು ಯಾವಾಗ ಒಲೆಗೆ ಏರಿಸಬೇಕೆಂಬುದನ್ನು ಆಕೆ ನಿರ್ಣಯಿಸುತ್ತಾಳೆ.

ಬೀದರ, ಕಲಬುರಗಿ ಕಡೆಯವರು ಎಳ್ಳ ಅಮಾವಾಸ್ಯೆ ಎನ್ನುವ ಈ ದಿನವನ್ನು ಲಾತೂರ, ಧಾರಾಶಿವ ಜಿಲ್ಲೆಗಳ ಮರಾಠಿ ಪಂಚಾಂಗಗಳು ವೇಳ ಅಮಾವಾಸ್ಯೆ ಎಂದು ಬರೆಯುತ್ತವೆ. ಹಳ್ಳಿಯ ಬಾಯಿಯಲ್ಲಿ ಮಾತ್ರ ಅದು ಯೇಳವಸ. ಕನ್ನಡ ಬಾರದ ಮನೆಗಳೂ ಕನ್ನಡದ ಹೆಸರಿನಿಂದಲೇ ಹಬ್ಬವನ್ನು ಕರೆಯುತ್ತವೆ ಎಂಬುದನ್ನು ಗಡಿನಾಡಿನ ಮಕ್ಕಳು ತಿಳಿದಿರುವುದು ಒಳ್ಳೆಯದು. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಕಣಿಕೆಯ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜಿಸಿ, ತೆನೆ ಕಟ್ಟುತ್ತಿರುವ ಜೋಳದ ಸಾಲುಗಳಿಗೆ ಚರಗ ಚೆಲ್ಲಿ, ಸಜ್ಜೆಯ ಉಂಡೆ, ಹಸಿಕಾಳಿನ ಭಜ್ಜಿ, ರೊಟ್ಟಿಗಳೊಂದಿಗೆ ಉಣ್ಣುತ್ತಾರೆ. ಆ ಊಟದ ಜೀವ ಅಂಬಲಿ. ಅದನ್ನು ತಲೆಯ ಮೇಲೆ ಹೊತ್ತು ತರುವ ಕೊಡಕ್ಕೆ ಮರಾಠಿ ಮಾತಾಡುವ ಮನೆಯವರೂ ‘ಬಿಂದಗಿ’ ಎನ್ನುತ್ತಾರೆ. ಇದು ಕನ್ನಡದ ಬಿಂದಿಗೆಯೇ ಎಂಬುದನ್ನು ಸಾಬೀತುಪಡಿಸಲು ಸಾಕ್ಷಿದಾರರನ್ನು ಕರೆಸಬೇಕಾಗಿಲ್ಲ.

ಅಂಬಲಿಯನ್ನು ಮಾಡುವ ಕ್ರಮ ಮನೆಗೊಂದು ಬಗೆ. ಕೆಲವರು ಹಿಟ್ಟನ್ನು ಹುಳಿ ಬರಿಸಿ ಬಳಿಕ ಕುದಿಸುತ್ತಾರೆ. ಕೆಲವರು ಜೋಳದ ನುಚ್ಚನ್ನು ಬೇಯಿಸಿ ಆರಿಸಿ, ಮಜ್ಜಿಗೆಯಲ್ಲಿ ಕಲಸಿ ರಾತ್ರಿಯಿಡೀ ಬಿಡುತ್ತಾರೆ. ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೊನೆಗೆ. ಕ್ರಮ ಯಾವುದಾದರೂ ಒಳಗೆ ದುಡಿಯುವವರು ಒಂದೇ ಕುಲದವರು. ಮಜ್ಜಿಗೆಯೊಡನೆ ಬಂದ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನೂ ಹಿಟ್ಟಿನಲ್ಲಿರುವ ಅಲ್ಪಸ್ವಲ್ಪ ಸಕ್ಕರೆಯನ್ನೂ ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಆ ಆಮ್ಲವೇ ಹುಳಿ. ಹುಳಿ ಒಂದು ಮಟ್ಟಕ್ಕೆ ಏರಿದ ಮೇಲೆ ಕೊಳೆ ತರುವ ಇತರ ಕ್ರಿಮಿಗಳಿಗೆ ಅಲ್ಲಿ ಬಾಳುವೆ ಸಾಧ್ಯವಾಗುವುದಿಲ್ಲ. ಹೀಗೆ ಹುಳಿ ತರುವ ಜೀವಿ ಬೇರೆ, ಮದ್ಯ ತರುವ ಯೀಸ್ಟ್ ಬೇರೆ ಎಂಬುದನ್ನು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ವಿದ್ವಾಂಸರ ಮುಂದಿಟ್ಟ. ಆತನ ಹೆಸರನ್ನೇ ಕೇಳದ ಅಜ್ಜಿಯಂದಿರು ಎರಡರ ವಾಸನೆಯನ್ನು ಅದಕ್ಕೂ ಮೊದಲೇ ಬೇರ್ಪಡಿಸಿ ಗುರುತಿಸುತ್ತಿದ್ದರು.

ಗಡಿಗೆಯ ಅವಘಡಗಳೂ ಕಡಿಮೆಯೇನಲ್ಲ. ಹಿಟ್ಟನ್ನು ಕಂಠದವರೆಗೆ ತುಂಬಿದ ಹೊಸ ಸೊಸೆ ಬೆಳಗ್ಗೆ ಎದ್ದು ನೋಡಿದರೆ ಅರ್ಧ ಅಂಬಲಿ ನೆಲದ ಮೇಲಿರುತ್ತದೆ. ಗಾಳಿಯಾಡಬಾರದೆಂದು ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಬಿಗಿದವರ ಮನೆಯಲ್ಲಿ ಮುಚ್ಚಳ ಸಿಡಿದು ಮಾಡು ಮುಟ್ಟುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಹಾಕಿದವರದು ಇನ್ನೂ ಗಂಭೀರವಾದ ತಪ್ಪು: ಆಮ್ಲವು ತಾಮ್ರವನ್ನು ಕರಗಿಸುತ್ತದೆ, ಉಂಡವರಿಗೆ ವಾಂತಿಯಾಗುತ್ತದೆ. ಕಲಾಯಿಯವರು ಊರೂರು ತಿರುಗುವುದು ನಿಂತ ಮೇಲೆ ಈ ಎಚ್ಚರವೂ ಮನೆಗಳಿಂದ ಮರೆಯಾಗುತ್ತಿದೆ. ಇನ್ನೊಂದು ಅವಘಡ ಈ ಕಾಲದ್ದು. ಎಮ್ಮೆ ಮಾರಿದ ಮನೆಯವರು ಅಂಗಡಿಯಿಂದ ಪೆಟ್ಟಿಗೆಯ ಮಜ್ಜಿಗೆ ತಂದು ಹಿಟ್ಟಿಗೆ ಸುರಿಯುತ್ತಾರೆ. ಬಹುಕಾಲ ಬಾಳಲೆಂದು ಅತಿಶಾಖದಲ್ಲಿ ಕಾಯಿಸಿ ಮುಚ್ಚಿದ ಆ ಮಜ್ಜಿಗೆಯಲ್ಲಿ ಹುಳಿ ಇರುತ್ತದೆಯೇ ಹೊರತು ಜೀವವಿರುವುದಿಲ್ಲ. ಹೆಪ್ಪಿಲ್ಲದ ಹಿಟ್ಟಿನೊಳಗೆ ಗಾಳಿಯಲ್ಲಿ ಬಂದವರೆಲ್ಲ ಬಿಡಾರ ಹೂಡುತ್ತಾರೆ. ಎರಡನೆಯ ದಿನ ಮೇಲೆ ಬಣ್ಣದ ಬೂಜು, ಕೆಳಗೆ ನಾತ. ಆಗ ಮಾಡಬೇಕಾದುದು ಒಂದೇ, ತಿಪ್ಪೆಗೆ ಚೆಲ್ಲುವುದು. ಬೂಜನ್ನು ಬಳಿದು ತೆಗೆದು ಉಳಿದುದನ್ನು ಕುದಿಸಿ ಉಣಬಡಿಸುವ ಮಿತವ್ಯಯ ಇಲ್ಲಿ ಸಲ್ಲದು.

ಇನ್ನು ಎರಡನೆಯ ಗಡಿಗೆಯ ವಿಚಾರ. ಈ ಸೀಮೆಯ ಮನೆಗಳ ಮಕ್ಕಳು ಪುಣೆ, ಹೈದರಾಬಾದು ದಾಟಿ ಇಂಗ್ಲೆಂಡ್, ಅಮೇರಿಕಗಳಲ್ಲಿ ನೆಲೆಸಿರುವುದು ಈಗ ವಿಶೇಷವಲ್ಲ. ಅಂಥವನೊಬ್ಬ ರಜೆಗೆ ಬರುವಾಗ ಪೆಟ್ಟಿಗೆಯಲ್ಲಿ ಬಿಯರ್ ತಯಾರಿಸುವ ಸಲಕರಣೆಯನ್ನು ತಂದನೆಂದು ಭಾವಿಸಬಹುದು: ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಪಾಕ, ಕಹಿಗಾಗಿ ಹಾಪ್ಸ್ ಹೂವು, ಒಂದು ಚೀಟಿ ಯೀಸ್ಟ್. ಅವನಿದ್ದ ದೇಶದಲ್ಲಿ ಇದು ವಾರದ ಕೊನೆಯ ನಿರಪರಾಧ ಹವ್ಯಾಸ. ಬ್ರಿಟನ್ನಿನಲ್ಲಿ ಮನೆಯ ಬಿಯರಿಗೆ ಬೇಕಾಗಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಿದರು. ಅಮೇರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಯವರು 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮನೆಯ ಬಳಕೆಗೆ ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಅಲ್ಲಿಯ ಕೆಲವು ರಾಜ್ಯಗಳು ಅದನ್ನು ಒಪ್ಪಿದ್ದು ಬಹಳ ತಡವಾಗಿ. ಅಲಬಾಮಾ, ಮಿಸಿಸಿಪಿಗಳು 2013ರಲ್ಲಿ.

ಬಿಯರಿನ ಮಂದಿಯ ಸಂತೋಷವೂ ಅಜ್ಜಿಯ ಸಂತೋಷಕ್ಕಿಂತ ಬೇರೆಯಲ್ಲ: ಮೇಲೆ ಏಳುವ ನೊರೆ, ಗುಳುಗುಳು ಸದ್ದು, ಪರಿಮಳ, ನೆರೆಯವರಿಗೆ ಒಂದು ಲೋಟ ಕೊಟ್ಟು ಅವರ ಮುಖ ನೋಡುವ ಕುತೂಹಲ. ಅವಘಡಗಳೂ ಹತ್ತಿರದವೇ. ಸಾಮಾನ್ಯವಾದ ಏಲ್ ಯೀಸ್ಟಿಗೆ ಸುಮಾರು 18ರಿಂದ 22 ಡಿಗ್ರಿ ಉಷ್ಣತೆ ಹಿತ. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಉದಗೀರದ ಅಟ್ಟದ ಮೇಲೆ ಆ ಯೀಸ್ಟ್ ಹುಚ್ಚೆದ್ದು ದುಡಿದು, ತಲೆನೋವು ತರುವ ಒರಟು ಮದ್ಯಸಾರಗಳನ್ನು ಬಿಡುತ್ತದೆ. ಹುದುಗು ಮುಗಿಯುವ ಮೊದಲೇ ಸೀಸೆಗೆ ತುಂಬಿ ಬಿರಡೆ ಬಿಗಿದರೆ, ಅಥವಾ ನೊರೆ ಹೆಚ್ಚಲೆಂದು ಸಕ್ಕರೆಯನ್ನು ಕೈತುಂಬ ಹಾಕಿದರೆ, ಒಳಗಿನ ಅನಿಲ ಸೀಸೆಯನ್ನು ಒಡೆಯುತ್ತದೆ. ಡಬ್ಬಿಯ ಮುಚ್ಚಳ ಮಾಡಿಗೆ ಹಾರಿದರೆ ಮನೆ ನಗುತ್ತದೆ. ಗಾಜಿನ ಚೂರು ಹಾರಿದರೆ ಕಣ್ಣು ಹೋಗುತ್ತದೆ.

ಆದರೆ ಬಿಯರಿನವನು ಅತ್ಯಂತ ದುಃಖಪಡುವ ಅವಘಡ ಯಾವುದೆಂದರೆ, ಪಾತ್ರೆ ಸರಿಯಾಗಿ ತೊಳೆಯದೆ ಅದರೊಳಗೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸೇರಿ ಇಡೀ ಬಿಯರ್ ಹುಳಿಯುವುದು. ಅಜ್ಜಿ ಎರಡು ದಿನ ಕಾದು ಪಡೆಯುವುದು ಅದನ್ನೇ! ಆಕೆಯ ಗಡಿಗೆಯೊಳಗೆ ಯೀಸ್ಟ್ ಮೇಲುಗೈ ಪಡೆದು ಮೇಲೊಂದು ಬಿಳಿ ಪದರ ಕಟ್ಟಿದರೆ, ಹೆಂಡದ ವಾಸನೆ ಬಂತೆಂದು ಆಕೆ ಮೂಗು ಮುರಿಯುತ್ತಾಳೆ. ಒಬ್ಬರ ಕೇಡು ಇನ್ನೊಬ್ಬರ ಗೆಲುವು. ಇಬ್ಬರನ್ನೂ ಒಂದೇ ಅಡುಗೆಕೋಣೆಯಲ್ಲಿ ಕೆಲಸಕ್ಕೆ ಬಿಟ್ಟರೆ ವಾರದೊಳಗೆ ದಾವೆ ಹೂಡುವಷ್ಟು ಜಗಳ ಖಚಿತ.

ಬಾರ್ಲಿಯ ಬದಲು ನಮ್ಮೂರ ಜೋಳದಿಂದಲೇ ಏಕೆ ಮಾಡಬಾರದು ಎಂಬ ಉತ್ಸಾಹವೂ ಹುಟ್ಟಬಹುದು. ಜೋಳದ ಮೂಲ ನೆಲ ಆಫ್ರಿಕ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಅದು ದಖ್ಖನಿಗೆ ಬಂದಿತು. ಇಲ್ಲಿ ಅದು ರೊಟ್ಟಿಯೂ ಅಂಬಲಿಯೂ ಆಯಿತು. ಅಲ್ಲಿ ಬುರ್ಕಿನಾ ಫಾಸೋದ ಹೆಂಗಸರು ಅದೇ ಜೋಳವನ್ನು ಮೊಳಕೆ ಬರಿಸಿ ದೋಲೋ ಎಂಬ ಬಿಯರನ್ನು ಕಾಸುತ್ತಾರೆ. ದಕ್ಷಿಣ ಆಫ್ರಿಕದವರ ಉಮ್‌ಕೊಂಬೋಥಿಗೂ ಮೊಳಕೆ ಜೋಳ ಬೇಕು. ದಾರಿ ಕವಲೊಡೆಯುವುದು ಈ ಮೊಳಕೆಯ ಹತ್ತಿರವೇ. ಮೊಳೆಯುವ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಹಿಟ್ಟನ್ನು ಸಕ್ಕರೆಯಾಗಿ ಒಡೆಯುತ್ತವೆ, ಆ ಸಕ್ಕರೆಯನ್ನು ಯೀಸ್ಟ್ ಮದ್ಯವಾಗಿಸುತ್ತದೆ. ಮೊಳಕೆ ಬರಿಸದ ಜೋಳದಲ್ಲಿ ಯೀಸ್ಟಿಗೆ ಹೆಚ್ಚಿನ ಮೇವಿಲ್ಲ. ಅದಕ್ಕಾಗಿಯೇ ಅಂಬಲಿ ಹುಳಿಯುತ್ತದೆ, ಅಮಲೇರಿಸುವುದಿಲ್ಲ. ಆದರೆ ಜೋಳದ ಎಳೆಯ ಮೊಳಕೆಯಲ್ಲಿ ಸಯನೈಡ್ ಬಿಡುವ ಧುರಿನ್ ಎಂಬ ವಸ್ತು ಸೇರಿರುತ್ತದೆ. ಬರಗಾಲದ ಮಳೆಗೆ ಚಿಗುರಿದ ಎಳೆ ಜೋಳವನ್ನು ಮೇದ ದನ ನಿಂತಲ್ಲೇ ಕುಸಿದು ಸಾಯುವುದನ್ನು ಈ ಕಡೆಯ ರೈತರು ಕಂಡಿದ್ದಾರೆ. ಕಾರಣ ಅದೇ ವಿಷ. ಆಫ್ರಿಕದ ಹೆಂಗಸರು ಮೊಳಕೆಯನ್ನು ಒಣಗಿಸಿ, ಕುಟ್ಟಿ, ದೀರ್ಘಕಾಲ ಕುದಿಸುವ ತಲೆಮಾರುಗಳ ಅನುಭವದಿಂದ ಅದನ್ನು ನಿವಾರಿಸಿಕೊಂಡಿದ್ದಾರೆ. ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರ ನೋಡಿ ಮೊಳಕೆ ಜೋಳಕ್ಕೆ ಕೈಹಾಕುವವನ ಬಳಿ ಆ ಅನುಭವವಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. 1956ರವರೆಗೆ ಉದಗೀರ, ನಿಲಂಗಾಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿಯೂ ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿಯೂ ಇದ್ದವು. ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ; ಈಚಲ ಮರದ ಸೇಂದಿ ಬಹಿರಂಗವಾಗಿಯೇ ಮಾರಾಟವಾಗುತ್ತಿತ್ತು. ಆ ವರ್ಷದ ನವೆಂಬರ್ 1ರಂದು ಮರಾಠವಾಡಾ ಮುಂಬಯಿ ರಾಜ್ಯವನ್ನು ಸೇರಿದ ಮೇಲೆ, ಕಾಲಕ್ರಮದಲ್ಲಿ 1949ರ ಮುಂಬಯಿ ಪಾನನಿರೋಧ ಕಾಯಿದೆ ಇಲ್ಲಿಗೂ ಬಂದಿತು. ಇಂದು ಅದರ ಹೆಸರು ಮಹಾರಾಷ್ಟ್ರ ಪಾನನಿರೋಧ ಕಾಯಿದೆ. ಪೇಟೆಯಲ್ಲಿ ಪರವಾನಗಿಯ ಅಂಗಡಿಗಳು ತೆರೆದಿರುವುದನ್ನು ಕಂಡು ಪಾನನಿರೋಧ ಹೋಯಿತೆಂದು ಬಹುಜನ ಭಾವಿಸಿದ್ದಾರೆ. ಅದು ಹೋಗಿಲ್ಲ. ಕಾಯಿದೆಯಲ್ಲಿ ನಿಷೇಧವೇ ನಿಯಮ, ಪರವಾನಗಿಯೇ ಅಪವಾದ. ಕಲಂ 12 ಮದ್ಯ ತಯಾರಿಕೆಯನ್ನು ನಿಷೇಧಿಸುತ್ತದೆ. ಕಲಂ 65 ಅದಕ್ಕೆ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಮಾರಾಟಕ್ಕಲ್ಲ, ಮನೆಯ ಬಳಕೆಗೆ ಎಂಬ ಉತ್ತರಕ್ಕೆ ಇಲ್ಲಿ ಬೆಲೆಯಿಲ್ಲ. ಅಮೇರಿಕದ 100 ಗ್ಯಾಲನ್ನಿನಂಥ ರಿಯಾಯತಿ ಈ ಕಾಯಿದೆಯಲ್ಲಿಲ್ಲ. ಗಡಿ ದಾಟಿ ಬಸವಕಲ್ಯಾಣಕ್ಕೋ ಆಳಂದಕ್ಕೋ ಹೋದರೂ ಬಿಡುಗಡೆಯಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯೂ ಪರವಾನಗಿಯಿಲ್ಲದ ತಯಾರಿಕೆಯನ್ನು ಒಪ್ಪುವುದಿಲ್ಲ.

ಎಲ್ಲಕ್ಕೂ ಹೆಚ್ಚು ಗಮನಿಸಬೇಕಾದುದು ಕಲಂ 103. ಸಾಮಾನ್ಯವಾಗಿ ಅಪರಾಧವನ್ನು ಸಾಬೀತುಪಡಿಸುವ ಹೊಣೆ ಸರಕಾರದ್ದು. ಇಲ್ಲಿ ಮದ್ಯ ತಯಾರಿಕೆಯ ಸಲಕರಣೆ ಅಥವಾ ತಯಾರಿಕೆಯ ಕಡೆಗೆ ಪ್ರಕ್ರಿಯೆ ನಡೆದಿರುವ ಸಾಮಗ್ರಿ ಒಬ್ಬನ ವಶದಲ್ಲಿ ದೊರೆತು, ಅವನು ಅದಕ್ಕೆ ಸಮಾಧಾನಕರ ವಿವರಣೆ ಕೊಡಲಾರದೆ ಹೋದರೆ, ಅವನು ಅಪರಾಧ ಮಾಡಿದ್ದಾನೆಂದೇ ನ್ಯಾಯಾಲಯ ಭಾವಿಸಬಹುದು. ಹಾಗಲ್ಲವೆಂದು ತೋರಿಸುವ ಹೊಣೆ ಅವನ ಮೇಲೆ ಬೀಳುತ್ತದೆ. ಮದುವೆಯ ಮಾತು ನಡೆಯುತ್ತಿರುವ, ಪಾಸ್‌ಪೋರ್ಟ್ ಮೇಲೆ ಬದುಕು ನಿಂತಿರುವ ಹುಡುಗನಿಗೆ ಅಟ್ಟದ ಮೇಲಿನ ಇಪ್ಪತ್ತು ಲೀಟರ್ ಡಬ್ಬಿಯೊಂದು ಹೇಗೆ ತೊಡರಾಗಬಹುದೆಂಬುದನ್ನು ತಂದೆತಾಯಿಗಳು ಊಹಿಸಿಕೊಳ್ಳಬಹುದು. ಖಟ್ಲೆಯಲ್ಲಿ ಕೊನೆಗೆ ಬಿಡುಗಡೆಯಾದರೂ ವರ್ಷಗಳ ತಾರೀಖುಗಳನ್ನು ಯಾರೂ ಮರಳಿಸುವುದಿಲ್ಲ. ಆ ಬಿಯರನ್ನು ಭಟ್ಟಿ ಇಳಿಸಿ ಗಟ್ಟಿಮಾಡುವ ಯೋಚನೆಯಂತೂ ಮನೆಯನ್ನೇ ಸುಡಬಲ್ಲ ಹುಚ್ಚು. ಮದ್ಯಸಾರದ ಆವಿ ಒಲೆಯ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಅಜ್ಜಿಯ ಗಡಿಗೆ? ಪ್ರಶ್ನೆ ತಮಾಷೆಯದಾದರೂ ಪೂರ್ತಿ ತಮಾಷೆಯಲ್ಲ. ಅಮೇರಿಕದ ಪಾನನಿರೋಧ ಕಾಲದಲ್ಲಿ ನೂರಕ್ಕೆ ಅರ್ಧ ಭಾಗ ಮದ್ಯಸಾರವೆಂಬ ಗೆರೆಯಾದರೂ ಇತ್ತು. 1949ರ ಕಾಯಿದೆಯ ವ್ಯಾಖ್ಯೆ ‘ಮದ್ಯಸಾರವುಳ್ಳ ಎಲ್ಲ ದ್ರವಗಳನ್ನೂ’ ಮದ್ಯವೆಂದು ಕರೆಯುತ್ತದೆ. ಹುಳಿ ಬಂದ ಅಂಬಲಿಯಲ್ಲಿ ತುಸು ಮದ್ಯಸಾರ ಹುಟ್ಟುವುದುಂಟು. ಈ ವ್ಯಾಖ್ಯೆಯ ವಿಸ್ತಾರವನ್ನು ಮುಂಬಯಿಯ ಎಫ್. ಎನ್. ಬಲ್ಸಾರಾ ಎಂಬವರು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. ವಿಸ್ಕಿ, ಬಿಯರುಗಳ ಜೊತೆಗೆ ತಮ್ಮ ಓ-ಡಿ-ಕಲೋನ್ ಸುಗಂಧದ ನೀರನ್ನೂ ಬಳಸುವ ಹಕ್ಕನ್ನು ಅವರು ಕೇಳಿದ್ದರು. 1951ರಲ್ಲಿ ಸರ್ವೋಚ್ಚ ನ್ಯಾಯಾಲಯ ವ್ಯಾಖ್ಯೆಯನ್ನು ಎತ್ತಿಹಿಡಿಯಿತು. ಆದರೆ ಔಷಧ ಮತ್ತು ಶೃಂಗಾರ ದ್ರವ್ಯಗಳನ್ನು ಬಳಸದಂತೆ ತಡೆಯುವುದು ಸಮಂಜಸವಲ್ಲವೆಂದು ಆ ಭಾಗವನ್ನು ಅನೂರ್ಜಿತಗೊಳಿಸಿತು. ಕಾಯಿದೆಯ ಗುರಿ ಅಮಲು, ಔಷಧವಲ್ಲ ಎಂಬ ತರ್ಕ ಅದರ ಹಿಂದಿತ್ತು. ಅದೇ ತರ್ಕಕ್ಕೆ ಅಂಬಲಿಯೂ ಸಲ್ಲುತ್ತದೆ. ಯೇಳವಸದಂದು ಅಬಕಾರಿಯ ಜೀಪು ಹೊಲದ ಬದುವಿಗೆ ಬಂದು ನಿಂತರೆ, ಅದರೊಳಗಿನವರಿಗೂ ಒಂದೊಂದು ಲೋಟ ಅಂಬಲಿ ದೊರೆಯುವುದೇ ಹೆಚ್ಚು ಸಂಭವ.

ರಜೆಗೆ ಬಂದ ಹುಡುಗನ ಪೆಟ್ಟಿಗೆಯನ್ನು ಬಿಚ್ಚದೆ ಅವನಿಗೇ ಮರಳಿ ಕೊಟ್ಟು ಕಳುಹಿಸುವುದು ಕ್ಷೇಮ. ಅವನ ಕೈಗೆ ಕೆಲಸ ಬೇಕಿದ್ದರೆ ಅಜ್ಜಿಯ ಗಡಿಗೆಯ ಮುಂದೆ ಕೂಡಿಸಬಹುದು. ಉಷ್ಣಮಾಪಕ, ತೂಕದ ತಕ್ಕಡಿ, ಹುಳಿ ಅಳೆಯುವ ಕಾಗದದ ಪಟ್ಟಿ, ಅವನು ಅಲ್ಲಿ ಕಲಿತ ಶಿಸ್ತೆಲ್ಲವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಕೆ ‘ಒಂದು ಹಿಡಿ’ ಎನ್ನುವುದು ಎಷ್ಟು ಗ್ರಾಂ, ‘ಮೂಗಿಗೆ ಹಿತವಾದಾಗ’ ಎನ್ನುವುದು ಎಷ್ಟು ತಾಸು ಎಂಬುದನ್ನು ಇದುವರೆಗೆ ಆ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಬರೆಯುವುದಾದರೆ ಕನ್ನಡ ಶಾಲೆಗೆ ಹೋಗುವ ತಂಗಿಯೇ ಬರೆಯಬೇಕು. ಕಲಾಯಿ, ಹೆಪ್ಪು, ನುಚ್ಚು, ಬಿಂದಿಗೆ ಎಂಬ ಮಾತುಗಳು ಅವಳ ಪುಸ್ತಕದಲ್ಲಿ ಸರಿಯಾದ ಕಾಗುಣಿತದೊಡನೆ ಕೂಡುತ್ತವೆ.

ಸಂಜೆ ಹೊಲದಿಂದ ಮರಳುವಾಗ ಬಿಂದಿಗೆ ಬರಿದಾಗಿರುತ್ತದೆ. ಮನೆಯ ಗಡಿಗೆಯ ತಳದಲ್ಲಿ ಮಾತ್ರ ಅಜ್ಜಿ ಒಂದು ಸೌಟು ಹುಳಿಯನ್ನು ಉಳಿಸಿರುತ್ತಾಳೆ. ಮರುದಿನ ಬೆಳಗ್ಗೆ, ಎಮ್ಮೆ ಮಾರಿದ ಪಕ್ಕದ ಮನೆಯವರು ಹೆಪ್ಪು ಕೇಳಿಕೊಂಡು ಬಟ್ಟಲು ಹಿಡಿದು ಬರುತ್ತಾರೆ.