ಕನಿಷ್ಠ ಮೊತ್ತವೆಂಬ ಬಲೆ

ಡೊಂಬಿವಲಿಯ ನಮ್ಮವರ ಹುಡುಗನೊಬ್ಬ ಮೊನ್ನೆ ಕ್ರೆಡಿಟ್ ಕಾರ್ಡ್ ಬಿಲ್ಲು ಹಿಡಿದು ಬಂದ. ಬಾಕಿ 1 ಲಕ್ಷ ರೂ. "ತಪ್ಪದೆ ಕನಿಷ್ಠ ಮೊತ್ತ 5,000 ಕಟ್ಟುತ್ತೇನೆ ಮಾಮ, ಸಾಲ ಇಳಿಯುತ್ತಿಲ್ಲ" ಎಂದ. ಲೆಕ್ಕ ಹಾಕಿ ತೋರಿಸಿದೆ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 3,500, ಅದರ ಮೇಲೆ ಶೇ. 18 ಜಿಎಸ್‌ಟಿ 630. ಅಸಲಿಗೆ ಸಲ್ಲುವುದು ಬರೇ 870! ವಾರ್ಷಿಕ ಶೇ. 15ರ ವೈಯಕ್ತಿಕ ಸಾಲ ಸಿಕ್ಕಿ ಕಾರ್ಡಿನ ಬಾಕಿ ತೀರಿಸಿದರೆ ಮೊದಲ ತಿಂಗಳ ಬಡ್ಡಿ 1,250. ಆದರೆ ಕಾರ್ಡನ್ನು ಮತ್ತೆ ಉಜ್ಜಬಾರದು.

ಮರ್ಯಾದೆಗೆ ಅಂಜಿ ಅವನು ಎರಡು ವರ್ಷ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಬಡ್ಡಿಗಿಂತ ದುಬಾರಿಯಾದದ್ದು ಆ ಮೌನ. ತಂದೆ-ತಾಯಂದಿರು ಗದರುವ ಮೊದಲು ಕೇಳಿಸಿಕೊಳ್ಳಲಿ. ನಮ್ಮ ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲೇ ಅರ್ಧ ಗಂಟೆ ಈ ಲೆಕ್ಕವನ್ನೂ ಕಲಿಸಲಿ.