ಸರಾಸರಿ ರೈತನ ಹೊಲಕ್ಕೆ ಮಳೆ ಬರುವುದಿಲ್ಲ

ಕೆನಡಾದ ಬೇಸಾಯ ಅಂದ ಕೂಡಲೇ ನಮ್ಮ ಸಾಫ್ಟ್‌ವೇರ್ ಬಂಧುಗಳ ಕಣ್ಣ ಮುಂದೆ ಒಂದೇ ಚಿತ್ರ. ಎಸಿ ಕ್ಯಾಬಿನ್ನಿನಲ್ಲಿ ಕೂತ ರೈತ, ಜಿಪಿಎಸ್ ಹಿಡಿದು ತನ್ನಷ್ಟಕ್ಕೆ ಓಡುವ ಕಂಬೈನ್, ಕಣ್ಣಿಗೆ ಎಟುಕುವಷ್ಟೂ ಹೊಂಬಣ್ಣದ ಗೋಧಿ. "ಅವರಿಗೇನು ಬಿಡಪ್ಪಾ, ಎಲ್ಲಾ ಮಶೀನು" ಅನ್ನುತ್ತೇವೆ. ಅಲ್ಲಾ ಸ್ವಾಮಿ, ಕೋಟಿಗಟ್ಟಲೆ ಬೆಲೆಯ ಆ ಕಂಬೈನೂ ಕೆಸರಿನಲ್ಲಿ ಹೂತರೆ ನಮ್ಮೂರ ಎತ್ತಿನಗಾಡಿಯ ಹಾಗೇ ಹೂತುಕೊಳ್ಳುತ್ತದೆ. ಇನ್ನೂ ಎಳೆಯಲು ಎರಡು ಟ್ರ್ಯಾಕ್ಟರ್ ಬೇಕು, ಅಷ್ಟೇ ವ್ಯತ್ಯಾಸ.

ಆಲ್ಬರ್ಟಾ, ಸಸ್ಕ್ಯಾಚುವಾನ್, ಮನಿಟೋಬಾ. ಈ ಮೂರು ಪ್ರಾಂತ್ಯಗಳ ಬಯಲಿನಲ್ಲಿ ಸುಗ್ಗಿಗೆ ಸಿಗುವುದು ಆಗಸ್ಟ್ ಮಧ್ಯದಿಂದ ಅಕ್ಟೋಬರಿನವರೆಗಿನ ಕೆಲವೇ ವಾರ. ಅಷ್ಟರೊಳಗೆ ಮಳೆ ಹಿಡಿದರೆ ಮುಗಿಯಿತು, ಹಿಂದೆಯೇ ಹಿಮ ಕಾದಿರುತ್ತದೆ. 2016ರಲ್ಲಿ ಹೀಗಾಯಿತು. 2018ರಲ್ಲಿ ಸೆಪ್ಟೆಂಬರಿನಲ್ಲೇ ಹಿಮ ಬಿತ್ತು. 2019 ಎಲ್ಲಕ್ಕಿಂತ ಕೆಟ್ಟದ್ದು. ಸೆಪ್ಟೆಂಬರ್ ಪೂರ್ತಿ ಜಡಿಮಳೆ, ತಿಂಗಳ ಕೊನೆಗೆ ದಕ್ಷಿಣ ಆಲ್ಬರ್ಟಾದಲ್ಲಿ ಹಿಮಪಾತ, ಅಕ್ಟೋಬರಿನಲ್ಲಿ ಮನಿಟೋಬಾದಲ್ಲಿ ತುರ್ತುಪರಿಸ್ಥಿತಿ ಘೋಷಿಸುವಷ್ಟು ದೊಡ್ಡ ಬಿರುಗಾಳಿ. ಎಷ್ಟೋ ರೈತರ ಕನೋಲಾ ಹಿಮದಡಿಯಲ್ಲೇ ಚಳಿಗಾಲ ಕಳೆದು, ಮರುವಸಂತದಲ್ಲಿ ಕಟಾವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅದೇ.

ಇನ್ನು ಹೇಗೋ ಕೊಯ್ದು ತಂದವರ ಕಥೆ. ಇಲ್ಲಿ ಒಂದು ಸಂಖ್ಯೆ ನೆನಪಿಡಿ: 14.5. ಗೋಧಿಯ ತೇವಾಂಶ ಶೇಕಡಾ 14.5ಕ್ಕಿಂತ ಹೆಚ್ಚಿದ್ದರೆ ಅದು 'ಒಣ' ಕಾಳಲ್ಲ. ಬೆಲೆ ಕಡಿತ ಆಗುತ್ತದೆ, ಹಾಗೇ ಬಿನ್ನಿಗೆ ಸುರಿದರೆ ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ಕನೋಲಾಕ್ಕೆ ಮಿತಿ 10, ದೀರ್ಘಕಾಲ ಇಡಬೇಕಾದರೆ 8. ತೆನೆಯಲ್ಲೇ ಮೊಳಕೆ ಒಡೆದ ಗೋಧಿಗೆ ಇನ್ನೊಂದು ಪರೀಕ್ಷೆ. ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಗಂಜಿ ಮಾಡಿ, ಅದರೊಳಗೆ ಒಂದು ಕಡ್ಡಿ ಕೆಳಗಿಳಿಯಲು ಎಷ್ಟು ಸೆಕೆಂಡು ಬೇಕು ಅಂತ ಎಣಿಸುತ್ತಾರೆ. 300 ದಾಟಿದರೆ ಬ್ರೆಡ್ಡಿನ ಗೋಧಿ. ಮೊಳಕೆಯ ಕಿಣ್ವ ಪಿಷ್ಟವನ್ನು ತಿಂದಿದ್ದರೆ ಗಂಜಿ ನೀರಾಗಿ ಕಡ್ಡಿ ಸರ್ರನೆ ಇಳಿಯುತ್ತದೆ, ಆ ಗೋಧಿ ದನಕ್ಕೆ ಹೋಗುತ್ತದೆ.

ಸರಿ, ಒಣಗಿಸೋಣ ಅನ್ನಿ. ನಾನು ಇಂಜಿನಿಯರು, ಲೆಕ್ಕ ಹಾಕದೆ ಇರಲಾರೆ :-) ಶೇಕಡಾ 19 ತೇವಾಂಶದ ಒಂದು ಟನ್ ಗೋಧಿಯನ್ನು 14.5ಕ್ಕೆ ಇಳಿಸಲು ಸುಮಾರು 53 ಕೆಜಿ ನೀರು ಹೊರಹಾಕಬೇಕು. ಅಲ್ಲಿ ಸಾವಿರ ಟನ್ ಗೋಧಿ ಬೆಳೆಯುವುದು ದೊಡ್ಡ ಮಾತಲ್ಲ. ಅಂದರೆ 53 ಟನ್ ನೀರನ್ನು ಆವಿ ಮಾಡಬೇಕು! ನಮ್ಮ ಹಾಗೆ ಕಣದಲ್ಲಿ ಹರವಿ ಬಿಸಿಲಿಗೆ ಬಿಡೋಣ ಅಂದರೆ ಅಕ್ಟೋಬರಿನ ಅಲ್ಲಿನ ಬಿಸಿಲು ಫೋಟೋಕ್ಕೆ ಮಾತ್ರ ಚಂದ. ಬಿನ್ನಿಗೆ ಫ್ಯಾನು ಹಾಕಿದರೂ ಹೊರಗಿನ ಗಾಳಿಯೇ ತಣ್ಣಗೆ ಒದ್ದೆಯಾಗಿರುವಾಗ ಹೆಚ್ಚೇನೂ ಒಣಗುವುದಿಲ್ಲ. ಉಳಿದದ್ದು ಡ್ರೈಯರ್. ಪ್ರೊಪೇನ್ ಅಥವಾ ನೈಸರ್ಗಿಕ ಅನಿಲ ಸುಡಬೇಕು, ಹಗಲೂ ರಾತ್ರಿ, ಒಬ್ಬರು ಕಾವಲಿದ್ದು. ಶಾಖ ಹೆಚ್ಚಾದರೆ ಗ್ಲುಟೆನ್ ಕೆಡುತ್ತದೆ, ಕಸ ಕಟ್ಟಿಕೊಂಡರೆ ಡ್ರೈಯರಿಗೇ ಬೆಂಕಿ. ಅದೇ 2019ರ ನವೆಂಬರಿನಲ್ಲಿ ಸಿಎನ್ ರೈಲ್ವೆಯ ಮುಷ್ಕರ ಎಂಟು ದಿನ ನಡೆಯಿತು. ಪ್ರೊಪೇನ್ ಬರುವುದು ರೈಲಿನಲ್ಲಿ, ಕಾಳು ಹೋಗುವುದೂ ರೈಲಿನಲ್ಲಿ.

ಈಗ ನನ್ನ ತಕರಾರಿಗೆ ಬರುತ್ತೇನೆ. 2019ರ ಏಪ್ರಿಲಿನಲ್ಲಿ ಕೆನಡಾ ಸರ್ಕಾರ ಇಂಧನದ ಮೇಲೆ ಕಾರ್ಬನ್ ಶುಲ್ಕ ತಂದಿತು. ಸಸ್ಕ್ಯಾಚುವಾನ್ ಮತ್ತು ಮನಿಟೋಬಾಕ್ಕೆ ಆಗಲೇ, ಆಲ್ಬರ್ಟಾಕ್ಕೆ 2020ರ ಜನವರಿಯಿಂದ. ಟನ್ ಒಂದಕ್ಕೆ 20 ಡಾಲರಿನಿಂದ ಶುರುವಾಗಿ 2024ಕ್ಕೆ 80 ಆಯಿತು. ಹೊಲದ ಡೀಸೆಲ್, ಪೆಟ್ರೋಲಿಗೆ ವಿನಾಯಿತಿ ಕೊಟ್ಟರು. ಟೊಮೆಟೊ ಬೆಳೆಯುವ ಹಸಿರುಮನೆಗಳ ಗ್ಯಾಸಿಗೆ ಶೇಕಡಾ 80 ರಿಯಾಯಿತಿ ಕೊಟ್ಟರು. ಕಾಳು ಒಣಗಿಸುವ ಗ್ಯಾಸಿಗೆ? ಏನೂ ಇಲ್ಲ. ರೈತರು ಕೂಗಾಡಿದ ಮೇಲೆ 2020ರಲ್ಲಿ ಕೃಷಿ ಇಲಾಖೆ ಒಂದು ಲೆಕ್ಕ ಹೊರತಂದಿತು: ಸರಾಸರಿ ತೆಗೆದರೆ ಈ ಹೊರೆ ಕೃಷಿ ವೆಚ್ಚದ ಅರ್ಧ ಶೇಕಡಾ ಕೂಡ ಇಲ್ಲವಂತೆ!

ಸರಾಸರಿ! ನಮ್ಮ ಆಫೀಸುಗಳಲ್ಲಿ ಈ ಪದ ಹೇಳಿ ಪಾರಾಗುವವರನ್ನು ದಿನಾ ನೋಡುತ್ತೇವಲ್ಲ. ವರ್ಷದ ಸರಾಸರಿ ನೋಡಿದರೆ ಸರ್ವರು ಚೆನ್ನಾಗೇ ಇದೆ, ಹಬ್ಬದ ಸೇಲಿನ ರಾತ್ರಿ ಮಾತ್ರ ಮಲಗಿತ್ತು ಅಂದರೆ ಯಾವ ಗ್ರಾಹಕ ಒಪ್ಪುತ್ತಾನೆ? ಒಣ ವರ್ಷದಲ್ಲಿ ಡ್ರೈಯರ್ ಶೆಡ್ಡಿನಲ್ಲೇ ನಿಂತಿರುತ್ತದೆ, ಖರ್ಚು ಸೊನ್ನೆ. ಒದ್ದೆ ವರ್ಷದಲ್ಲಿ ಖರ್ಚೆಲ್ಲ ಒಟ್ಟಿಗೇ ಬರುತ್ತದೆ. ಅದೂ ಯಾರಿಗೆ? ಬೆಳೆಯ ದರ್ಜೆ ಬಿದ್ದು ಬೆಲೆ ಕಳೆದುಕೊಂಡವನಿಗೇ. ಗೋಧಿಯ ಬೆಲೆ ತೀರ್ಮಾನವಾಗುವುದು ವಿಶ್ವ ಮಾರುಕಟ್ಟೆಯಲ್ಲಿ, ಈ ಖರ್ಚನ್ನು ಆತ ಯಾರ ತಲೆಗೂ ಕಟ್ಟಲಾರ. 2012ರ ಆಗಸ್ಟಿನಲ್ಲಿ ವ್ಹೀಟ್ ಬೋರ್ಡಿನ ಏಕಸ್ವಾಮ್ಯ ಹೋದ ಮೇಲಂತೂ ಕಂಪನಿಗಳ ಜೊತೆ ಒಬ್ಬೊಬ್ಬನೇ ಚೌಕಾಸಿ ಮಾಡಬೇಕು.

"ಹಾಗಾದರೆ ನೀನು ಹವಾಮಾನ ಬದಲಾವಣೆ ಸುಳ್ಳು ಅನ್ನುವ ಗುಂಪಿನವನಾ?" ಅಂತ ಕೇಳಬೇಡಿ. ಇಂಗಾಲಕ್ಕೆ ಬೆಲೆ ಕಟ್ಟುವುದು ಸರಿಯಾದ ಕ್ರಮ ಅಂತಲೇ ನನ್ನ ನಂಬಿಕೆ. ಕಾರು ಬಿಟ್ಟು ಬಸ್ಸು ಹತ್ತು ಅಂದರೆ ಅರ್ಥವಿದೆ. ಒದ್ದೆ ಗೋಧಿಯ ರಾಶಿ ಇಟ್ಟುಕೊಂಡವನಿಗೆ ಆ ಅಕ್ಟೋಬರಿನಲ್ಲಿ ಬದಲಿ ದಾರಿ ಯಾವುದಿತ್ತು? ಬದಲಿ ಇಲ್ಲದ ಕಡೆ ಬೆಲೆ ಏರಿಸಿದರೆ ನಡತೆ ಬದಲಾಗುವುದಿಲ್ಲ, ಜೇಬು ಮಾತ್ರ ಬರಿದಾಗುತ್ತದೆ.

ಆಮೇಲೆ ತೇಪೆ ಹಚ್ಚಿದ ರೀತಿ ನೋಡಿ. 2021ರಿಂದ ರೈತರಿಗೆ ಹಣ ವಾಪಸ್ ಕೊಡುವ ವ್ಯವಸ್ಥೆ ಬಂತು. ಹೇಗೆ? ಎಷ್ಟು ಗ್ಯಾಸು ಸುಟ್ಟಿರಿ ಅಂತ ಕೇಳಿ ಅಲ್ಲ, ಒಟ್ಟು ಕೃಷಿ ಖರ್ಚಿನ ಲೆಕ್ಕದಲ್ಲಿ. ಡ್ರೈಯರೇ ಇಲ್ಲದವನಿಗೂ ಸಿಕ್ಕಿತು, ತಿಂಗಳುಗಟ್ಟಲೆ ಡ್ರೈಯರ್ ಓಡಿಸಿದವನಿಗೂ ಅದೇ ದರ. ಮತ್ತೆ ಸರಾಸರಿ! ವಿನಾಯಿತಿಗಾಗಿ ತಂದ ಸಿ-206 ಮಸೂದೆ 2021ರ ಚುನಾವಣೆಯಿಂದಾಗಿ ಸತ್ತಿತು. ಸಿ-234 ಕೆಳಮನೆಯಲ್ಲಿ 2023ರ ಮಾರ್ಚಿನಲ್ಲಿ ಪಾಸಾಗಿ, ಡಿಸೆಂಬರಿನಲ್ಲಿ ಸೆನೆಟ್ ತಿದ್ದಿ ವಾಪಸ್ ಕಳಿಸಿ, ಅಲ್ಲೇ ಕೊಳೆಯಿತು. ಕೊನೆಗೆ 2025ರ ಏಪ್ರಿಲ್ 1ರಂದು ಕಾರ್ನಿ ಸರ್ಕಾರ ಗ್ರಾಹಕರ ಕಾರ್ಬನ್ ಶುಲ್ಕವನ್ನೇ ಎಲ್ಲರಿಗೂ ಸೊನ್ನೆ ಮಾಡಿತು. ಬಗ್ ಸರಿಮಾಡಲಾಗದೆ ಇಡೀ ಮಾಡ್ಯೂಲನ್ನೇ ಡಿಲೀಟ್ ಮಾಡಿದ ಹಾಗೆ.

ಶುಲ್ಕ ಹೋಯಿತಲ್ಲ, ಇನ್ನೇನು ಅಂದಿರಾ? ರೈತರ ಪರ ಅಂತ ಕೂಗಿದ ರಾಜಕಾರಣಿಗಳ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಒದ್ದೆ ಗೋಧಿ ಅವರಿಗೆ ಶುಲ್ಕವನ್ನು ಬಡಿಯಲು ಸಿಕ್ಕ ಕೋಲು ಅಷ್ಟೇ. ಅದಕ್ಕಿಂತ ಹಳೆಯ ಗಾಯ ಒಂದಿದೆ. ಅಗ್ರಿಸ್ಟೆಬಿಲಿಟಿ ಅನ್ನುವ ಯೋಜನೆ ರೈತನ ಆದಾಯ ಅವನದೇ ಹಿಂದಿನ ವರ್ಷಗಳ ಮಟ್ಟದ ಶೇಕಡಾ 85ಕ್ಕಿಂತ ಕೆಳಗೆ ಬಿದ್ದರೆ ನೆರವಿಗೆ ಬರುತ್ತಿತ್ತು. 2013ರಲ್ಲಿ ಅದನ್ನು 70ಕ್ಕೆ ಇಳಿಸಿದರು. ಅಂದರೆ ಮೊದಲ ಶೇಕಡಾ 30ರಷ್ಟು ನಷ್ಟವನ್ನು ಪೂರ್ತಿ ನೀನೇ ನುಂಗಿಕೋ ಅಂತ. ಇದನ್ನು ಮಾಡಿದ್ದು ಯಾವ ಪಕ್ಷ ಗೊತ್ತಾ? ಆಗ ಅಧಿಕಾರದಲ್ಲಿದ್ದ, ಮುಂದೆ ಕಾರ್ಬನ್ ಶುಲ್ಕದ ವಿರುದ್ಧ ಅತಿ ಜೋರಾಗಿ ಕೂಗಿದ ಕನ್ಸರ್ವೇಟಿವ್ ಪಕ್ಷವೇ!

ನಮಗ್ಯಾಕೆ ಈ ಉಸಾಬರಿ ಅನ್ನುವವರಿಗೆ ಒಂದು ಮಾತು. ಕೆನಡಾ ಜಗತ್ತಿನಲ್ಲೇ ಅತಿ ಹೆಚ್ಚು ಮಸೂರ ರಫ್ತು ಮಾಡುವ ದೇಶ, ಅದರ ಬಹುಪಾಲು ಬೆಳೆಯುವುದು ಸಸ್ಕ್ಯಾಚುವಾನಿನಲ್ಲಿ, ಕೊಳ್ಳುವ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. ಮಳೆಯಲ್ಲಿ ನೆನೆದ ಮಸೂರ ಬಣ್ಣಗೆಟ್ಟು ದರ್ಜೆ ಕಳೆದುಕೊಳ್ಳುತ್ತದೆ.

ಆ 70 ಮತ್ತೆ 85 ಆಗಲಿ. ಒದ್ದೆ ವರ್ಷದ ನೆರವನ್ನು ಒಟ್ಟು ಖರ್ಚಿನ ಮೇಲಲ್ಲ, ಸುಟ್ಟ ಗ್ಯಾಸಿನ ಮೇಲೆ ಕೊಡಲಿ. ಅದಕ್ಕೆ ಹೊಸ ಪೋರ್ಟಲ್, ಹೊಸ ಆ್ಯಪ್ ಯಾವುದೂ ಬೇಡ. ಗ್ಯಾಸಿನ ಬಿಲ್ಲಿನಲ್ಲಿ ಎಲ್ಲಾ ಇರುತ್ತದೆ, ತಾರೀಖಿನ ಸಮೇತ.