ಲೈಸೆನ್ಸ್ ಸಿಗುವವರೆಗೆ ಕಾಯಬೇಕೇ?

ಕಳೆದ ಸೆಮಿಸ್ಟರ್‌ನ ಒಂದು ಮಧ್ಯಾಹ್ನ. ವೆರಿಲಾಗ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್‌ನ ಅರ್ಧದಷ್ಟು ಜನರ ಪರದೆಯ ಮೇಲೆ ಒಂದೇ ಸಂದೇಶ: ಲೈಸೆನ್ಸ್ ಲಭ್ಯವಿಲ್ಲ. ಕಾಲೇಜು ಕೊಂಡ ಸಿಮ್ಯುಲೇಟರ್ ಒಮ್ಮೆಗೆ ಇಂತಿಷ್ಟೇ ಜನರಿಗೆ ತೆರೆದುಕೊಳ್ಳುತ್ತದೆ. ಉಳಿದವರು ಕುಳಿತವರ ಬೆನ್ನ ಹಿಂದೆ ನಿಂತು ನೋಡಬೇಕು. ನನ್ನ ಕೈಗೆ ಕೀಬೋರ್ಡ್ ಬಂದದ್ದು ಕೊನೆಯ ಇಪ್ಪತ್ತು ನಿಮಿಷಕ್ಕೆ. ಆದರೂ ರೆಕಾರ್ಡ್ ಪುಸ್ತಕದಲ್ಲಿ ಎಲ್ಲರ ಔಟ್‌ಪುಟ್ ಸರಿಯಾಗಿಯೇ ಇತ್ತು. ಹೇಗೆ ಎಂದು ಬಿಇ ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ವೆರಿಲಾಗ್, ವಿಎಚ್‌ಡಿಎಲ್ ನೋಡಲು ಪ್ರೋಗ್ರಾಮಿಂಗ್ ಭಾಷೆಗಳ ಹಾಗೆ ಕಾಣುತ್ತವೆ. ಆದರೆ ಇಲ್ಲಿ ಬರೆಯುವುದು ಒಂದಾದ ಮೇಲೊಂದು ನಡೆಯುವ ಆದೇಶಗಳನ್ನಲ್ಲ, ಒಂದೇ ಹೊತ್ತಿಗೆ ಕೆಲಸ ಮಾಡುವ ಗೇಟು, ಫ್ಲಿಪ್‌ಫ್ಲಾಪ್‌ಗಳ ವಿವರಣೆಯನ್ನು. ಆ ವಿವರಣೆಯೇ ಮುಂದೆ ಚಿಪ್ ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ತಪ್ಪಿದ್ದರೆ ಮರುದಿನ ಅಪ್‌ಡೇಟ್ ಕಳಿಸಬಹುದು, ಸಿಲಿಕಾನ್ ಮೇಲೆ ಕೊರೆದದ್ದನ್ನು ಹಾಗೆ ತಿದ್ದಲಾಗದು. 1994ರಲ್ಲಿ ಪೆಂಟಿಯಂ ಚಿಪ್‌ನ ಭಾಗಾಕಾರದಲ್ಲಿ ಸಿಕ್ಕ ತಪ್ಪಿಗೆ ಇಂಟೆಲ್ 47.5 ಕೋಟಿ ಡಾಲರ್ ತೆರಬೇಕಾಯಿತು. ಹಾಗಾಗಿ ಈ ವಿಷಯದಲ್ಲಿ ಸಿಮ್ಯುಲೇಟರ್ ಅಂದರೆ ಪುಸ್ತಕದ ಕೊನೆಯ ಅಧ್ಯಾಯವಲ್ಲ, ಅದೇ ನಿಜವಾದ ಕಲಿಕೆ. ಅದನ್ನೇ ಸರತಿಯಲ್ಲಿ ನಿಂತು ನೋಡಿ ಕಲಿಯಿರಿ ಎಂದರೆ ಹೇಗೆ?

ರಜೆಗೆ ಗಜೇಂದ್ರಗಡಕ್ಕೆ ಬಂದಾಗ ನನ್ನ ಬಳಿ ಇದ್ದದ್ದು ಅಣ್ಣ ಬಳಸಿ ಬಿಟ್ಟ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್. ಎಫ್‌ಪಿಜಿಎ ಕಂಪನಿಗಳು ಉಚಿತ ಆವೃತ್ತಿ ಕೊಡುತ್ತವೆ ನಿಜ. ಆದರೆ ಅವು ಹತ್ತಾರು ಜಿಬಿ ಜಾಗ ಕೇಳುತ್ತವೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದನ್ನು ಇಳಿಸಿಕೊಳ್ಳುವಷ್ಟರಲ್ಲಿ ರಜೆಯೇ ಮುಗಿಯುತ್ತದೆ. ಸೀನಿಯರ್ ಒಬ್ಬರು ಹೇಳಿದ ಇಕಾರಸ್ ವೆರಿಲಾಗ್ ಹಾಕಿ ನೋಡಿದೆ. ಸ್ಟೀಫನ್ ವಿಲಿಯಮ್ಸ್ ಎಂಬುವವರು ಶುರು ಮಾಡಿದ ಮುಕ್ತ ತಂತ್ರಾಂಶ ಇದು. ಗಾತ್ರ ಕೆಲವೇ ಎಂಬಿ. ಐವೆರಿಲಾಗ್ ಎಂದು ಕೊಟ್ಟರೆ ನಾವು ಬರೆದದ್ದನ್ನು ಕಂಪೈಲ್ ಮಾಡುತ್ತದೆ, ವಿವಿಪಿ ಎಂದರೆ ಓಡಿಸುತ್ತದೆ, ಜಿಟಿಕೆವೇವ್ ತೆರೆದರೆ ಸಿಗ್ನಲ್‌ಗಳ ಏರಿಳಿತ ಪರದೆಯ ಮೇಲೆ ಬರುತ್ತದೆ. ಮೂರೇ ಕಮಾಂಡ್. ಲೈಸೆನ್ಸ್ ಕೇಳುವವರು ಯಾರೂ ಇಲ್ಲ.

ಮೊದಲು ಬರೆದದ್ದು ನಾಲ್ಕು ಬಿಟ್‌ನ ಕೌಂಟರ್. ಲ್ಯಾಬ್‌ನಲ್ಲಿ ‘ಮಾಡಿ ಮುಗಿಸಿದ್ದ’ ಪ್ರಯೋಗವೇ. ಓಡಿಸಿದರೆ ಸೊನ್ನೆ, ಒಂದು, ಎರಡು ಬರಲೇ ಇಲ್ಲ. ಉದ್ದಕ್ಕೂ ಕೆಂಪು ಪಟ್ಟಿ! ಪಕ್ಕದಲ್ಲೇ ಕುಳಿತಿದ್ದ ದೊಡ್ಡಪ್ಪ ಇಣುಕಿ, ‘ಯಾಕೋ ತಮ್ಮಾ, ಬರೇ ಕೆಂಪs ಐತಲ್ಲ?’ ಎಂದರು. ಕೌಂಟರ್‌ಗೆ ರೀಸೆಟ್ ಕೊಡುವುದನ್ನೇ ನಾನು ಮರೆತಿದ್ದೆ. ಶುರುವಿನ ಬೆಲೆ ಏನೆಂದು ಹೇಳದಿದ್ದರೆ ಸಿಮ್ಯುಲೇಟರ್ ಅದನ್ನು ‘ಎಕ್ಸ್’, ಅಂದರೆ ಗೊತ್ತಿಲ್ಲದ ಬೆಲೆ ಎಂದು ಹಿಡಿಯುತ್ತದೆ. ಗೊತ್ತಿಲ್ಲದ್ದಕ್ಕೆ ಒಂದು ಕೂಡಿಸಿದರೂ ಬರುವುದು ಗೊತ್ತಿಲ್ಲದ್ದೇ. ದೊಡ್ಡಪ್ಪನಿಗೆ ನನ್ನ ಭಾಷೆಯಲ್ಲಿ ವಿವರಿಸಿದೆ. ಮಗ್ಗದಲ್ಲಿ ವಯಸ್ಸು ಕಳೆದವರು, ನಮ್ಮೂರ ಪಟ್ಟೆದ ಅಂಚಿನ ಸೀರೆ ಕಂಡವರು. ‘ಎಳಿ ಎಣಿಸದs ಮಗ್ಗಕ್ಕ ಕುಂತಂಗಾತು’ ಅಂದರು. ಆ ಸಾಲು ಸೇರಿಸಿದ ಮೇಲೆ ಹಸಿರು ಪಟ್ಟಿಯಲ್ಲಿ ಅಂಕಿಗಳು ಓಡತೊಡಗಿದವು. ಲ್ಯಾಬ್‌ನಲ್ಲಿ ಮೂರು ಗಂಟೆ ನಿಂತರೂ ಸಿಗದ ಪಾಠ ಒಂದು ತಪ್ಪಿನಿಂದ ಸಿಕ್ಕಿತ್ತು. ಸಾವಕಾಶವಾಗಿ ತಪ್ಪು ಮಾಡಲು ಬಿಡುವ ಸಾಧನ ಬೇಕು ಎನ್ನುವುದೇ ನನ್ನ ವಾದ.

‘ಬಿಟ್ಟಿ ತಂತ್ರಾಂಶ, ಆಟಿಕೆ ಇದ್ದ ಹಾಗೆ’ ಎಂಬ ಮಾತು ನಮ್ಮಲ್ಲಿ ಬಹಳ. ಆದರೆ ಐಐಟಿ ಮದ್ರಾಸ್‌ನ ‘ಶಕ್ತಿ’ ಪ್ರೊಸೆಸರ್ ತಂಡ ತನ್ನ ವಿನ್ಯಾಸವನ್ನು ಸಿಮ್ಯುಲೇಟ್ ಮಾಡಲು ಬಳಸುವುದು ವೆರಿಲೇಟರ್ ಎಂಬ ಮುಕ್ತ ಸಾಧನವನ್ನು. ಅದು ವೆರಿಲಾಗ್ ಅನ್ನು ಸಿ++ಗೆ ಬದಲಿಸಿ ಬಲು ವೇಗವಾಗಿ ಓಡಿಸುತ್ತದೆ. 2018ರಲ್ಲಿ ‘ಶಕ್ತಿ’ಯ ಒಂದು ಚಿಪ್ ಮೊಹಾಲಿಯ ಎಸ್‌ಸಿಎಲ್‌ನಲ್ಲಿ 180 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ, ಮತ್ತೊಂದು ಇಂಟೆಲ್‌ನಲ್ಲಿ 22 ನ್ಯಾನೊಮೀಟರ್‌ನಲ್ಲಿ ತಯಾರಾದವು. ಆ ಪ್ರೊಸೆಸರ್‌ನ ಕೋಡ್ ಕೂಡ ಮುಕ್ತವಾಗಿಯೇ ಇದೆ. ವಿಎಚ್‌ಡಿಎಲ್ ಕಲಿಯುವವರಿಗೆ ಜಿಎಚ್‌ಡಿಎಲ್ ಇದೆ, ಪೈಥಾನ್ ಬಲ್ಲವರು ಕೊಕೊಟಿಬಿ ಬಳಸಿ ಟೆಸ್ಟ್‌ಬೆಂಚ್ ಬರೆಯಬಹುದು. ಐಐಟಿ ಬಾಂಬೆಯ ಫಾಸ್ಸೀ ಯೋಜನೆಯ ಇಸಿಮ್ ವಿದ್ಯಾರ್ಥಿಗಳಿಗೆಂದೇ ಇರುವಂಥದ್ದು.

ಹಾಗೆಂದು ಕಣ್ಣು ಮುಚ್ಚಿ ಹೊಗಳಲಾರೆ. ಬೆಂಗಳೂರಿನ ಚಿಪ್ ಕಂಪನಿಗಳ ವೆರಿಫಿಕೇಶನ್ ಹುದ್ದೆಗೆ ಸಿಸ್ಟಮ್‌ವೆರಿಲಾಗ್, ಯುವಿಎಂ ಕೇಳುತ್ತಾರೆ. ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಸಾಧನಗಳ ಪರಿಚಯ ಕೇಳುತ್ತಾರೆ. ಇಕಾರಸ್ ಪೂರ್ತಿ ಸಿಸ್ಟಮ್‌ವೆರಿಲಾಗ್ ಅನ್ನು ಅರಗಿಸಿಕೊಳ್ಳುವುದಿಲ್ಲ. ವೆರಿಲೇಟರ್ ಮುಖ್ಯವಾಗಿ ಸೊನ್ನೆ, ಒಂದು ಎಂಬ ಎರಡೇ ಸ್ಥಿತಿ ನೋಡುವುದರಿಂದ ನನ್ನ ಆ ಕೆಂಪು ಪಟ್ಟಿ ಅದರಲ್ಲಿ ಕಾಣುತ್ತಿರಲಿಲ್ಲ. ಆದರೆ ಸಂದರ್ಶನದಲ್ಲಿ ಮೊದಲು ಕೇಳುವುದು ಯಾವ ಬಟನ್ ಒತ್ತಿದಿರಿ ಎಂದಲ್ಲ, ಬ್ಲಾಕಿಂಗ್ ಮತ್ತು ನಾನ್‌ಬ್ಲಾಕಿಂಗ್ ಅಸೈನ್‌ಮೆಂಟ್‌ಗೆ ವ್ಯತ್ಯಾಸವೇನು, ಬೇಡದ ಲ್ಯಾಚ್ ಯಾಕೆ ಹುಟ್ಟುತ್ತದೆ ಎಂದು. ಅದಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು. ಇದನ್ನೇ ಕಲಿಸುತ್ತೇವೆಂದು ಬೆಂಗಳೂರಿನ ತರಬೇತಿ ಕೇಂದ್ರಗಳು ಕೇಳುವ ಶುಲ್ಕಕ್ಕೆ ನಮ್ಮ ಕಡೆ ಸಾಲ ಮಾಡಿದವರೂ ಇದ್ದಾರೆ. ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ತಿಂಗಳು ಈ ಮೂರು ಕಮಾಂಡ್‌ಗಳೊಂದಿಗೆ ಕುಳಿತು ನೋಡಿ, ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲೇ ಗೊತ್ತಾಗುತ್ತದೆ.

ಕಾಲೇಜುಗಳಿಗೆ ದೊಡ್ಡ ಖರ್ಚಿನ ಬೇಡಿಕೆ ಏನೂ ಇಲ್ಲ. ದುಬಾರಿ ಸಾಧನ ಇರಲಿ, ಕೊನೆಯ ವರ್ಷದವರಿಗೆ ಅದು ಬೇಕೇ ಬೇಕು. ಮೊದಲು ಕಲಿಯುವವರಿಗೆ ಲ್ಯಾಬ್‌ನ ಪ್ರತಿ ಕಂಪ್ಯೂಟರ್‌ನಲ್ಲೂ ಇಕಾರಸ್, ಜಿಟಿಕೆವೇವ್ ಹಾಕಿಡಲಿ. ಮನೆಯಲ್ಲಿ ಮಾಡಿ ತಂದ ತರಂಗದ ಚಿತ್ರವನ್ನು ರೆಕಾರ್ಡ್‌ಗೆ ಅಂಟಿಸಿದರೆ ‘ಇದು ನಮ್ಮ ಸಾಫ್ಟ್‌ವೇರ್‌ನದ್ದಲ್ಲ’ ಎಂದು ಹಿಂತಿರುಗಿಸದಿರಲಿ. ನನ್ನದನ್ನು ಹಾಗೆ ಹಿಂತಿರುಗಿಸಿದ್ದರು. ಈ ಸಲ ಕೌಂಟರ್‌ನ ಎರಡೂ ಚಿತ್ರ, ಕೆಂಪು ಬಂದದ್ದು ಮತ್ತು ಸರಿಯಾದದ್ದು, ಒಟ್ಟಿಗೆ ಅಂಟಿಸಿ ಮತ್ತೆ ಕೊಟ್ಟಿದ್ದೇನೆ. ಸಹಿ ಇನ್ನೂ ಬಿದ್ದಿಲ್ಲ.